ಬಾಣೆಯಲ್ಲಿ ಟೆಂಟ್ ಹಾಕಬೇಕು, ಪಕ್ಕದಲ್ಲೇ ಕರಡಿ ಹುತ್ತ ಅಗೆದಿದೆ. ಏನು ಮಾಡಲಿ?

ರೋಬಸ್ಟಾ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟ ಕೊಡಗಿನ ಬಿರುನಾಣಿ ಕಡೆ. ತೋಟ ಮುಗಿದ ಮೇಲೆ ಸ್ವಲ್ಪ ಬಾಣೆ (ಹುಲ್ಲು, ಮರ ಇರುವ ನಮ್ಮದೇ ಜಾಗ), ಅದರಾಚೆ ಬ್ರಹ್ಮಗಿರಿ ಕಾಡು. ಮೇ ಮೊದಲ ವಾರ ಬೆಂಗಳೂರಿನಿಂದ ನನ್ನ ಕಾಲೇಜು ಗೆಳೆಯರು ಎಂಟು ಜನ ಬರುತ್ತಿದ್ದಾರೆ. ಮನೆಯಲ್ಲಿ ಬೇಕಾದಷ್ಟು ಜಾಗ ಇದೆ ಅಂದರೂ ಕೇಳುತ್ತಿಲ್ಲ, ಟೆಂಟೇ ಬೇಕಂತೆ. ಬಾಣೆಯ ತುದಿಯಲ್ಲಿ ತೊರೆ ಪಕ್ಕ ಒಂದು ಸಮತಟ್ಟಾದ ಜಾಗ ಇದೆ. ಒಂದು ದೊಡ್ಡ ಹಲಸಿನ ಮರದ ನೆರಳು, ತಣ್ಣಗಿನ ನೀರು, ಎದುರಿಗೆ ಬೆಟ್ಟ. ಫೋಟೋ ಕಳಿಸಿದ್ದೇ ತಪ್ಪಾಯಿತು, ಈಗ ಎಲ್ಲರೂ ಅಲ್ಲೇ ಅಂತ ಹಟ ಹಿಡಿದಿದ್ದಾರೆ.

ಸಮಸ್ಯೆ ಏನೆಂದರೆ ಹೋದ ವಾರ ಕೆಲಸದವರು ಬಂದು ಅಲ್ಲಿ ಎರಡು ಹುತ್ತ ಅಗೆದು ಹಾಕಿದೆ, ಹಂದಿ ಅಲ್ಲ, ಕರಡಿ ಅಂದರು. ನಾನೂ ಹೋಗಿ ನೋಡಿದೆ. ಕೈ ಹಾಕಿದರೆ ಮೊಣಕೈವರೆಗೆ ಹೋಗುವ ಗುಂಡಿ, ಒಳಗಿನ ಮಣ್ಣಿನಲ್ಲಿ ಉದ್ದುದ್ದ ಗೀರು, ಹೊರಗೆ ತೆಗೆದು ಹಾಕಿದ ಮಣ್ಣು ಇನ್ನೂ ಹಸಿ. ನಾವು ಟೆಂಟ್ ಹಾಕಬೇಕು ಅಂದುಕೊಂಡ ಜಾಗದಿಂದ ನಲವತ್ತು ಹೆಜ್ಜೆ ಇರಬಹುದು ಅಷ್ಟೇ.

ಅಪ್ಪ "ಕರಡಿ ಮೊದಲಿಂದಲೂ ಇದೆ, ಅದರ ಪಾಡಿಗೆ ಅದು" ಅನ್ನುತ್ತಾರೆ. ಅಮ್ಮ ಬರುವುದೇ ಬೇಡ ಅಂತ ಫೋನ್ ಮಾಡು ಅನ್ನುತ್ತಾರೆ. ನಾನು ನೆಟ್‌ನಲ್ಲಿ ಹುಡುಕಿದೆ. ಎಲ್ಲ ಅಮೆರಿಕದ್ದೇ ಬರುತ್ತದೆ. ಊಟವನ್ನು ಮರಕ್ಕೆ ನೇತುಹಾಕಿ, ಗಟ್ಟಿ ಡಬ್ಬಿಯಲ್ಲಿಡಿ, ಮೆಣಸಿನ ಸ್ಪ್ರೇ ಇಟ್ಟುಕೊಳ್ಳಿ. ಇದೆಲ್ಲ ನಮ್ಮ ಕರಡಿಗೆ ನಡೆಯುತ್ತದಾ? ರಾತ್ರಿ ಪೂರ್ತಿ ಬೆಂಕಿ ಹಾಕಿದರೆ ಸಾಕಾ? ತೋಟದ ಎರಡು ನಾಯಿ ಇವೆ, ಅವನ್ನು ಕರೆದುಕೊಂಡು ಹೋಗಲಾ? ಅಡುಗೆ ಅಂದರೆ ಪಂದಿಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ಮಾಡುವ ಯೋಚನೆ. ವಾಸನೆ ದೂರ ಹೋಗುತ್ತದೆ ಅಲ್ವಾ, ಅದಕ್ಕೇ ಕೇಳಿದೆ.

ದೂರದೂರಿನವ:

ನಾನು ಕುಶಾಲನಗರದವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲ ಕಾಡಿನಲ್ಲಿ ಟೆಂಟ್ ಹಾಕುತ್ತೇವೆ, ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಬರೆಯುತ್ತಿದ್ದೇನೆ. ಇಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಗಾಡಿನಲ್ಲಿ ರಾತ್ರಿ ಉಳಿಯಬೇಕಾದರೆ ಕರಡಿಗೆ ತೆರೆಯಲಾಗದ ಡಬ್ಬಿ ಕಡ್ಡಾಯ. ಖಾಲಿ ಡಬ್ಬಿಯೇ ಒಂದು ಕಿಲೋ ಮೇಲಿರುತ್ತದೆ, ಹೊತ್ತುಕೊಂಡೇ ನಡೆಯಬೇಕು. ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್, ಸೋಪು, ಕಸ, ವಾಸನೆ ಬರುವ ಏನೇ ಆದರೂ ಅದರೊಳಗೆ. ಮೊದಲೆಲ್ಲ ಮರಕ್ಕೆ ನೇತುಹಾಕುತ್ತಿದ್ದರು. ಕರಡಿಗಳು ಹಗ್ಗದ ಲೆಕ್ಕಾಚಾರ ಕಲಿತುಬಿಟ್ಟವು, ಈಗ ಯೊಸೆಮಿಟಿಯಲ್ಲಿ ನೇತುಹಾಕುವುದೇ ಕಾನೂನುಬಾಹಿರ. ಕತ್ತಲಾದ ಮೇಲೆ ಕಾರಿನಲ್ಲೂ ಊಟ ಬಿಡುವ ಹಾಗಿಲ್ಲ, ಬಾಗಿಲನ್ನೇ ಕಿತ್ತು ತೆಗೆಯುತ್ತವೆ.

ಇನ್ನೊಂದು ಲೆಕ್ಕ ತ್ರಿಕೋನದ್ದು. ಮಲಗುವುದು ಒಂದು ಕಡೆ, ಅಡುಗೆ ಒಂದು ಕಡೆ, ಡಬ್ಬಿ ಇನ್ನೊಂದು ಕಡೆ, ಒಂದರಿಂದ ಒಂದಕ್ಕೆ ನೂರು ಗಜ. ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬೇಡಿ. ಸ್ಪ್ರೇ ಬಗ್ಗೆ ಒಂದು ಮಾತು: ಅದು ಕರಡಿಯ ಮುಖಕ್ಕೆ ಹತ್ತಿರದಿಂದ ಹೊಡೆಯುವುದು, ಸೊಳ್ಳೆ ಔಷಧದ ಹಾಗೆ ಟೆಂಟಿಗೆ ಸಿಂಪಡಿಸುವುದಲ್ಲ. ಹಾಗೆ ಮಾಡಿದವರನ್ನು ನಾನೇ ಕಣ್ಣಾರೆ ನೋಡಿದ್ದೇನೆ. ವಿಮಾನದಲ್ಲಿ ತರಲಂತೂ ಬಿಡುವುದಿಲ್ಲ, ನನ್ನ ಹತ್ತಿರ ಕೇಳಬೇಡಿ.

ನಿಮ್ಮಲ್ಲಿ ಡಬ್ಬಿ ಸಿಗದಿದ್ದರೆ ಒಂದು ಕಬ್ಬಿಣದ ಟ್ರಂಕಿಗೆ ಬೀಗ ಹಾಕಿ ದೂರ ಇಡಿ. ಅಷ್ಟಾದರೆ ಸಾಕು ಅನ್ನಿಸುತ್ತದೆ.

ಹಳೇಜೀಪು:

ದೂರದೂರಿನವರೇ, ಹೇಳಿದ್ದೆಲ್ಲ ಸರಿ, ಆದರೆ ಅದು ಬೇರೆ ಕರಡಿ. ನಿಮ್ಮಲ್ಲಿ ಇರುವ ಕಪ್ಪು ಕರಡಿ ಊಟದ ಕಳ್ಳ. ಟೆಂಟಿಗೆ ಬರುವುದೇ ಬ್ಯಾಗಿಗಾಗಿ. ನಮ್ಮದು ಹಾಗಲ್ಲ. ನಾನು ಹದಿನೈದು ವರ್ಷ ಇಲ್ಲಿ ಚಾರಣಕ್ಕೆ ಜನ ಕರೆದುಕೊಂಡು ಹೋದವನು. ನಮ್ಮ ಕರಡಿ ಊಟ ಹುಡುಕಿಕೊಂಡು ಟೆಂಟಿಗೆ ಬಂದಿದ್ದನ್ನು ಒಂದು ಸಲವೂ ಕಂಡಿಲ್ಲ. ಆದರೆ ಕರಡಿಗೆ ಎದುರಾಗಿ ಮುಖ ಹರಿಸಿಕೊಂಡವರನ್ನು ಕಂಡಿದ್ದೇನೆ.

ವಿಷಯ ಇಷ್ಟೇ. ಇದರ ಮುಖ್ಯ ಊಟ ಗೆದ್ದಲು ಮತ್ತು ಇರುವೆ. ಆಮೇಲೆ ಹಣ್ಣು, ಜೇನು. ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಹುತ್ತ ಒಡೆದು, ಮೂತಿ ಒಳಗಿಟ್ಟು, ಮೊದಲು ಉಫ್ ಅಂತ ಮಣ್ಣು ಊದಿ, ಆಮೇಲೆ ಆ ಸಂದಿಯಿಂದ ಹುಳುಗಳನ್ನು ಹೀರುತ್ತದೆ. ಆ ಸದ್ದು ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವಾಗ ಪಂಪಿಗೆ ಗಾಳಿ ಹೊಕ್ಕರೆ ಹೇಗೆ ಗೊರಗೊರ ಅನ್ನುತ್ತದೆ, ಹಾಗೆ. ನೂರು ಮೀಟರ್ ದೂರದಿಂದಲೂ ಕೇಳುತ್ತದೆ.

ಅಪಾಯ ಇರುವುದೂ ಅಲ್ಲೇ. ಅದರ ಮೂಗು ಚುರುಕು, ಆದರೆ ಕಣ್ಣು ಕಿವಿ ಅಷ್ಟಕ್ಕಷ್ಟೇ. ತಲೆ ಹುತ್ತದೊಳಗೆ ಇಟ್ಟು ಅಷ್ಟು ಸದ್ದು ಮಾಡಿಕೊಂಡು ತಿನ್ನುವಾಗ ನೀವು ಹಿಂದಿನಿಂದ ಬಂದಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹತ್ತು ಅಡಿಯಲ್ಲಿ ತಿರುಗಿ ನೋಡುತ್ತದೆ. ಹುಲಿ ಚಿರತೆ ಇರುವ ಕಾಡಿನಲ್ಲಿ ಬದುಕಿದ ಪ್ರಾಣಿ ಅದು, ಹೆದರಿದರೆ ಓಡುವುದಕ್ಕಿಂತ ಮೈಮೇಲೆ ಬೀಳುವುದೇ ಜಾಸ್ತಿ. ಬೆನ್ನ ಮೇಲೆ ಮರಿ ಇದ್ದರಂತೂ ಕೇಳಲೇಬೇಡಿ.

ಒಂದು ಸಲ ಮಾರ್ಚ್‌ನಲ್ಲಿ, ಬೆಳಿಗ್ಗೆ ಐದೂ ಮುಕ್ಕಾಲು, ನಾನು ಒಬ್ಬನೇ ನೀರಿಗೆ ಅಂತ ಕೊಡ ಹಿಡಿದುಕೊಂಡು ತೊರೆಗೆ ಇಳಿಯುತ್ತಿದ್ದೆ. ತಿರುವಿನಲ್ಲಿ ಕಪ್ಪಗೆ ಏನೋ ಗುಡ್ಡೆ. ಸುಟ್ಟ ಮರದ ಬುಡ ಅಂದುಕೊಂಡೆ. ಬುಡ ಅಲುಗಿತು. ಎದ್ದು ನಿಂತಾಗ ಎದೆಯ ಮೇಲಿನ ಬಿಳಿ ಗೆರೆ ಕಂಡಿತು, ಕೈಯಿಂದ ಕೊಡ ಜಾರಿ ಕಲ್ಲಿಗೆ ಬಿದ್ದು ಢಣ್ ಅಂತು. ಆ ಸದ್ದಿಗೆ ಅದು ಲಂಟಾನಾ ಪೊದೆಯೊಳಗೆ ನುಗ್ಗಿತು. ಅದು ನನ್ನ ಧೈರ್ಯವಲ್ಲ, ಕೊಡದ ಪುಣ್ಯ. ಅವತ್ತಿನಿಂದ ಬೆಳಕು ಹರಿಯುವ ಮುಂಚೆ ಒಬ್ಬನೇ ಎಲ್ಲೂ ಇಳಿಯುವುದಿಲ್ಲ, ಇಳಿದರೂ ಜೋರಾಗಿ ಮಾತಾಡಿಕೊಂಡೇ ಹೋಗುತ್ತೇನೆ. ನೋಡಿದವರು ಹುಚ್ಚ ಅಂದುಕೊಳ್ಳಲಿ.

ಹಾಗಾಗಿ ತಮ್ಮಾ, ನಿನ್ನ ಪ್ರಶ್ನೆ ಊಟ ಎಲ್ಲಿಡಲಿ ಅನ್ನುವುದಲ್ಲ. ಟೆಂಟ್ ಎಲ್ಲಿ, ರಾತ್ರಿ ಯಾರು ಎಲ್ಲಿ ನಡೆಯುತ್ತಾರೆ ಅನ್ನುವುದು. ನೀನು ಹೇಳಿದ ಜಾಗದಲ್ಲಿ ಹುತ್ತ ಇದೆ, ನೀರಿದೆ, ಹಲಸಿನ ಮರ ಇದೆ. ಕರಡಿಗೆ ಬೇಕಾದ ಮೂರೂ ಒಂದೇ ಕಡೆ. ಅದು ಟೆಂಟ್ ಹಾಕುವ ಜಾಗವೇ ಅಲ್ಲ.

ಸುಮ್ನೆ_ಓದುವವ:

ಕೊಡಗಿನವರು ಕರಡಿಗೆ ಹೆದರುವುದಾ? ಕೈಲ್‌ಪೊಳ್ದ್ ಆಯುಧ ಹಬ್ಬಕ್ಕೆ ಪೂಜೆ ಮಾಡಿದ ಕೋವಿ ಅಟ್ಟದಲ್ಲಿ ಏನು ಮಾಡುತ್ತಿದೆ? 😄

ಬಾಣೆಮನೆ_ಅಕ್ಕ:

ಕೋವಿ ಇರುವುದು ಪೂಜೆಗೆ, ಮದುವೆಗೆ, ಸಾವಿಗೆ. ಕೊಡವರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ಅಂತ ಕರಡಿಗೆ ಗುರಿ ಇಡಲು ಹೋದರೆ 1972ರ ವನ್ಯಜೀವಿ ಕಾಯ್ದೆ ಇದೆ, ಕರಡಿ ಅದರ ಮೊದಲ ಶೆಡ್ಯೂಲಿನಲ್ಲಿದೆ, ಹುಲಿ ಆನೆ ಜೊತೆಗೆ. ಪ್ರಾಣ ಹೋಗುವ ಹೊತ್ತಿನಲ್ಲಿ ಆತ್ಮರಕ್ಷಣೆಗೆ ಅಂದರೆ ಬೇರೆ ಮಾತು. ಟೆಂಟ್ ಹಾಕಿಕೊಂಡು ಕೋವಿ ಹಿಡಿದು ಕೂರುವುದು ಅದಲ್ಲ. ಜೊತೆಗೆ ಬೆಂಗಳೂರಿನ ಎಂಟು ಹುಡುಗರು, ಕತ್ತಲು, ಒಂದಿಷ್ಟು ಬಾಟ್ಲಿ, ನಡುವೆ ಕೋವಿ. ಕರಡಿಗಿಂತ ನನಗೆ ಅದೇ ಭಯ.

ರೋಬಸ್ಟಾ, ನಿನ್ನ ಅಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ ಮಗಾ. ಹುಡುಗರು ಬರಲಿ. ಆದರೆ ಬಾಣೆ ಬೇಡ. ಮೇ ತಿಂಗಳು ಅಂದರೆ ಕಾಫಿ ಎಲ್ಲ ಮಿಲ್ಲಿಗೆ ಹೋಗಿ, ಅದನ್ನು ಒಣಗಿಸುವ ಕಣ ಖಾಲಿ ಇರುತ್ತದೆ. ಕಣದಲ್ಲಿ ಟೆಂಟ್ ಹಾಕು. ಸುತ್ತ ಬಯಲು, ಏನೇ ಬಂದರೂ ದೂರದಿಂದ ಕಾಣುತ್ತದೆ. ಪಕ್ಕದಲ್ಲಿ ಕೆಲಸದವರ ಲೈನ್ ಮನೆ, ಲೈಟು, ಕಕ್ಕಸು. ಆಕಾಶ ಅಲ್ಲೂ ಅದೇ ಆಕಾಶ. ಸಿಮೆಂಟಿಗೆ ಗೂಟ ಇಳಿಯುವುದಿಲ್ಲ, ಅದಕ್ಕೆ ಹಳೇ ಕಾಫಿ ಚೀಲಕ್ಕೆ ಮರಳು ತುಂಬಿ ನಾಲ್ಕೂ ಮೂಲೆ ಕಟ್ಟು. ಹಗಲು ಹನ್ನೊಂದು ಗಂಟೆಗೆ ಎಲ್ಲರೂ ಸೇರಿ ತೊರೆ ಹತ್ತಿರ ಹೋಗಿ, ಫೋಟೋ ತೆಗೆದುಕೊಂಡು, ನಾಲ್ಕು ಗಂಟೆಗೆ ವಾಪಸ್ ಬನ್ನಿ.

ಈಗ ಪಂದಿಕರಿ ಮತ್ತು ಹಲಸಿನ ಹಣ್ಣಿನ ಮಾತು. ನೀವೆಲ್ಲ ಕರಡಿ ಕರಡಿ ಅಂತ ಆನೆಯನ್ನು ಮರೆತಿದ್ದೀರಿ. ನಮ್ಮ ಕಡೆ ಊಟದ ವಾಸನೆಗೆ ಬರುವುದು ಅದು. ಹಲಸು ಹಣ್ಣಾದ ವಾರದಿಂದ ತೋಟದಲ್ಲಿ ಆನೆ ಲದ್ದಿ ನೋಡಿಲ್ಲ ಅನ್ನುವವರು ಯಾರಾದರೂ ಇದ್ದರೆ ಹೇಳಿ. ಉಪ್ಪು, ಬೆಲ್ಲ, ಬಾಳೆಹಣ್ಣು, ಅಕ್ಕಿ, ಹೆಂಡ, ಎಲ್ಲಕ್ಕೂ ಬರುತ್ತದೆ. ಆನೆಗೆ ನಿನ್ನ ಟ್ರಂಕು ಬೀಗ ಯಾವ ಲೆಕ್ಕ? ಮೂರು ವರ್ಷದ ಹಿಂದೆ ನಮ್ಮ ಲೈನ್ ಮನೆಯ ಅಡುಗೆ ಕೋಣೆ ಗೋಡೆಯನ್ನು ಒಂದು ಹೆಣ್ಣಾನೆ ಒದ್ದು ಬೀಳಿಸಿ, ಉಪ್ಪಿನ ಜಾಡಿ ಹೊರಗೆಳೆದು, ನಿಧಾನಕ್ಕೆ ಖಾಲಿ ಮಾಡಿ ಹೋಯಿತು. ಜಾಡಿ ಒಡೆದಿರಲಿಲ್ಲ, ಅದೇ ಆಶ್ಚರ್ಯ. ಹಾಗಾಗಿ ಟೆಂಟಿನೊಳಗೆ ಒಂದು ಬಿಸ್ಕತ್ ಪ್ಯಾಕೆಟ್ ಕೂಡ ಬೇಡ. ಅಡುಗೆ ಮನೆಯಲ್ಲೇ ಮಾಡಿ, ಉಂಡು, ಪಾತ್ರೆ ತೊಳೆದು, ಮೂಳೆ ಎಲೆ ಎಲ್ಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಆಮೇಲೆ ಕಣಕ್ಕೆ ಹೋಗಲಿ. ಹಣ್ಣಾದ ಹಲಸನ್ನು ಎರಡು ದಿನ ಮುಂಚೆಯೇ ಇಳಿಸಿಬಿಡು.

ಬೆಂಕಿ ಬಗ್ಗೆ: ಏಪ್ರಿಲ್ ಮೇ ತಿಂಗಳಲ್ಲಿ ಕಾಡಿನ ಅಂಚಿನಲ್ಲಿ ಬೆಂಕಿ ಹಾಕುತ್ತೇನೆ ಅಂತ ಬಾಯಿ ಬಿಟ್ಟು ಹೇಳಬೇಡ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದ್ದರೂ ಬಾಣೆಯ ಹುಲ್ಲು ಒಣಗಿಯೇ ಇರುತ್ತದೆ.

ರೋಬಸ್ಟಾ_ಹುಡುಗ:

ಅಕ್ಕಾ, ಹಳೇಜೀಪು ಅಣ್ಣಾ, ತುಂಬಾ ಥ್ಯಾಂಕ್ಸ್. ಕಣದ ಐಡಿಯಾ ತಲೆಗೇ ಹೊಳೆದಿರಲಿಲ್ಲ. ಹುಡುಗರು ಮುಖ ಊದಿಸಿಕೊಳ್ಳುತ್ತಾರೆ, ಪರವಾಗಿಲ್ಲ.

ಆದರೆ ಒಬ್ಬ ಗೆಳೆಯ ದರೋಜಿ ಕರಡಿಧಾಮಕ್ಕೆ ಹೋಗಿ ಬಂದಿದ್ದಾನೆ. ಅಲ್ಲಿ ಬಂಡೆ ಮೇಲೆ ಕರಡಿಗಳು ಎಷ್ಟು ಆರಾಮಾಗಿ ಓಡಾಡುತ್ತವೆ ನೋಡು, ನೀವು ಸುಮ್ನೆ ಹೆದರಿಸುತ್ತೀರಿ ಅನ್ನುತ್ತಾನೆ. ಇನ್ನೊಂದು, ನಾಯಿ ವಿಷಯ ಯಾರೂ ಹೇಳಲಿಲ್ಲ. ಮತ್ತೆ, ನಿಜವಾಗಿ ಎದುರಿಗೆ ಸಿಕ್ಕರೆ ಏನು ಮಾಡಬೇಕು? ಮರ ಹತ್ತುವುದಾ, ಸತ್ತ ಹಾಗೆ ಮಲಗುವುದಾ? ಚಿಕ್ಕಂದಿನಲ್ಲಿ ಕೇಳಿದ ಇಬ್ಬರು ಗೆಳೆಯರ ಕಥೆಯಲ್ಲಿ ಎರಡೂ ಇದೆ.

ಹಳೇಜೀಪು:

ಆ ಕಥೆಯಲ್ಲಿ ಮರ ಹತ್ತಿದವನು ಉಳಿದಿದ್ದು ಕರಡಿಗೆ ಮನಸ್ಸಿಲ್ಲದ್ದಕ್ಕೆ. ಜೇನಿಗಾಗಿ ದಿನಾ ಮರ ಹತ್ತುವ ಪ್ರಾಣಿ ಅದು, ನಿನಗಿಂತ ಬೇಗ ಹತ್ತುತ್ತದೆ. ಓಡುವುದೂ ಬೇಡ, ಅದು ಕುಣಿಕುಣಿದು ಬಂದರೂ ನಿನಗಿಂತ ಜೋರು.

ದೂರದಲ್ಲಿ ಕಂಡರೆ ಅದು ನಿನ್ನನ್ನು ನೋಡುವ ಮುಂಚೆಯೇ ಬಂದ ದಾರಿಯಲ್ಲಿ ಹಿಂದಕ್ಕೆ ಬಾ. ಹತ್ತಿರ ಇದ್ದು ಅದು ನೋಡಿದರೆ ಅಲ್ಲೇ ನಿಲ್ಲು, ಎಲ್ಲರೂ ಒಟ್ಟಿಗೆ ಸೇರಿ, ಮೆಲ್ಲಗೆ ಮಾತಾಡುತ್ತಾ ಹಿಂದೆ ಹಿಂದೆ ಸರಿಯಿರಿ. ಎದ್ದು ನಿಂತರೆ ಹೊಡೆಯಲು ಬಂತು ಅಂತಲ್ಲ, ಮೂಸಿ ನೋಡುತ್ತಿರುತ್ತದೆ. ಒಂದು ವೇಳೆ ಮೈಮೇಲೇ ಬಂದರೆ ಬೋರಲು ಬಿದ್ದು, ಮುಖ ಮಣ್ಣಿಗೊತ್ತಿ, ಎರಡೂ ಕೈ ಕತ್ತಿನ ಹಿಂದೆ ಬಿಗಿಯಾಗಿ ಹೆಣೆದುಕೊಳ್ಳಬೇಕು. ಬ್ಯಾಗ್ ಇದ್ದರೆ ಬೆನ್ನಲ್ಲೇ ಇರಲಿ. ಅದು ತಿನ್ನಲು ಬಂದಿರುವುದಿಲ್ಲ, ತಲೆ ಮುಖಕ್ಕೆ ಹೊಡೆದು ಅಪಾಯ ಹೋಯಿತು ಅನ್ನಿಸಿದ ಮೇಲೆ ಬಿಟ್ಟು ಹೋಗುತ್ತದೆ. ಹೋಯಿತು ಅಂತ ಖಾತ್ರಿ ಆಗುವವರೆಗೆ ಏಳಬೇಡ.

ನಾಯಿ ಖಂಡಿತ ಬೇಡ. ಬೊಗಳಿಕೊಂಡು ಹೋಗಿ ಕರಡಿಯನ್ನು ಕೆಣಕುತ್ತದೆ, ಅದು ತಿರುಗಿಬಿದ್ದ ಕೂಡಲೇ ಬಾಲ ಮಡಚಿಕೊಂಡು ಸೀದಾ ನಿನ್ನ ಹತ್ತಿರವೇ ಓಡಿ ಬರುತ್ತದೆ. ಹಿಂದೆ ಕರಡಿ. ಲೈನ್ ಮನೆ ಹತ್ತಿರ ಕಟ್ಟಿದ್ದರೆ ಒಳ್ಳೆಯದು, ಏನಾದರೂ ಬಂದರೆ ಕೂಗಿ ಹೇಳುತ್ತದೆ.

ದರೋಜಿ ಕರಡಿಧಾಮ 1994ರಿಂದ ಇದೆ, ಅಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿ ಬಂದು ನೆಕ್ಕುತ್ತದೆ, ಜನ ದೂರದ ಗೋಪುರದಿಂದ ನೋಡುತ್ತಾರೆ. ಆ ದೂರ ಇದೆಯಲ್ಲ, ಅದಕ್ಕೇ ಆರಾಮು. ನಿನ್ನ ಗೆಳೆಯನಿಗೆ ಹೇಳು, ಬೆಲ್ಲಕ್ಕೆ ಬರುತ್ತದೆ ಅಂತಲೂ ಅಲ್ಲೇ ಗೊತ್ತಾಯಿತಲ್ಲ, ಹಾಗಾದರೆ ಟೆಂಟಿನಲ್ಲಿ ಚಿಕ್ಕಿ ಇಟ್ಟುಕೊಳ್ಳಬೇಡ ಅಂತ.

ತುಡುವೆ:

ಒಂದು ಮಾತು ಎಲ್ಲರೂ ಬಿಟ್ಟಿದ್ದೀರಿ. ರೋಬಸ್ಟಾ, ನಿಮ್ಮ ತೋಟದಲ್ಲಿ ಜೇನುಪೆಟ್ಟಿಗೆ ಇದೆಯಾ? ಏಪ್ರಿಲ್ ಮೇ ಅಂದರೆ ಕಾಫಿ ಹೂವಿನ ಜೇನು ತುಂಬಿ ತುಳುಕುವ ಹೊತ್ತು. ಬಾಣೆ ಕಡೆ ಪೆಟ್ಟಿಗೆ ಇಟ್ಟಿದ್ದರೆ ಕರಡಿ ಬರುತ್ತಿರುವುದು ಹುತ್ತಕ್ಕೆ ಮಾತ್ರ ಅಲ್ಲ.

ನನ್ನದು ಭಾಗಮಂಡಲದ ಹತ್ತಿರ. ಹೋದ ವರ್ಷ ಒಂದೇ ರಾತ್ರಿ ಐದು ಪೆಟ್ಟಿಗೆ ಹೋಯಿತು. ಮುಚ್ಚಳ ಒಂದು ಕಡೆ, ಚೌಕಟ್ಟು ಇನ್ನೊಂದು ಕಡೆ, ಎರಿಯನ್ನು (ಮೇಣದ ಹಲ್ಲೆ) ಮರಿಹುಳು ಸಮೇತ ಕರಡಿ ತಿಂದಿತ್ತು. ಬೆಳಿಗ್ಗೆ ಹೋದಾಗ ಉಳಿದ ಹುಳುಗಳು ಕಂಬದ ಮೇಲೆ ಮುಷ್ಟಿಯಷ್ಟು ಗುಂಪಾಗಿ ಕೂತಿದ್ದವು. ಕೆಸರಿನಲ್ಲಿ ಹೆಜ್ಜೆ ಸ್ಪಷ್ಟ ಇತ್ತು. ಮನುಷ್ಯನ ಪಾದದ ಹಾಗೇ, ಆದರೆ ಐದೂ ಬೆರಳು ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ, ಮುಂದೆ ಎರಡು ಮೂರು ಇಂಚು ಬಿಟ್ಟು ಉಗುರಿನ ತೂತು. ನಿಮ್ಮ ಬಾಣೆಯಲ್ಲೂ ಇದನ್ನು ಹುಡುಕಿ. ಹಂದಿ ಆದರೆ ಗದ್ದೆ ಉತ್ತ ಹಾಗೆ ಅಗಲಕ್ಕೆ ಮೇಲ್ಮಣ್ಣು ಕೆದರಿರುತ್ತದೆ, ಕರಡಿ ಒಂದೇ ಕಡೆ ಆಳಕ್ಕೆ ತೋಡುತ್ತದೆ.

ಆಮೇಲೆ ನಾನು ಪೆಟ್ಟಿಗೆ ಸುತ್ತ ಸೋಲಾರ್ ಬೇಲಿ ಹಾಕಿಸಿದೆ. ಮೊದಲ ತಿಂಗಳು ಅದೂ ದಂಡ. ಯಾಕೆಂದರೆ ಹಾಕಿದವರು ಆನೆ ಬೇಲಿ ಲೆಕ್ಕದಲ್ಲಿ ತಂತಿ ಮೇಲೆ ಮೇಲೆ ಎಳೆದಿದ್ದರು, ಕರಡಿ ಆರಾಮಾಗಿ ಕೆಳಗೆ ನುಸುಳಿತು. ಈಗ ನೆಲದಿಂದ ಒಂದು ಗೇಣಿಗೆ ಮೊದಲ ತಂತಿ, ಆಮೇಲೆ ಗೇಣಿಗೊಂದರಂತೆ ಐದು ತಂತಿ. ಅದರ ಕೂದಲು ದಪ್ಪ, ಮೈಗೆ ತಾಗಿದರೆ ಏನೂ ಆಗುವುದಿಲ್ಲ, ಮೂಗು ತಾಗಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ತಿಂಗ್ ಕೆಲಸ ಮಾಡುವುದಿಲ್ಲ, ನೆಲಕ್ಕೆ ಹುಗಿದ ಅರ್ತಿಂಗ್ ಸರಳಿನ ಬುಡಕ್ಕೆ ದಿನಾ ಒಂದು ಕೊಡ ನೀರು ಹಾಕುತ್ತೇನೆ. ಹುಲ್ಲು ಬೆಳೆದು ತಂತಿಗೆ ತಾಗಿದರೂ ಶಾಕ್ ಇಳಿದುಹೋಗುತ್ತದೆ.

ಮತ್ತೆ ದಯವಿಟ್ಟು ಯಾರೂ ಮನೆ ಕರೆಂಟನ್ನು ನೇರವಾಗಿ ತಂತಿಗೆ ಕೊಡಬೇಡಿ. ಸೋಲಾರ್ ಬೇಲಿಯಲ್ಲಿ ಸೆಕೆಂಡಿಗೊಮ್ಮೆ ಒಂದು ಏಟು ಬಂದು ಹೋಗುತ್ತದೆ, ಕೈ ಬಿಡಿಸಿಕೊಳ್ಳಬಹುದು. ಮನೆ ಕರೆಂಟು ಬಿಡುವುದಿಲ್ಲ. ಆನೆಯೂ ಸಾಯುತ್ತದೆ, ಕತ್ತಲಲ್ಲಿ ಬಂದ ಪಕ್ಕದ ಮನೆಯವರೂ ಸಾಯುತ್ತಾರೆ, ಜೈಲಿಗೆ ಹೋಗುವುದು ನೀವು.

ರೋಬಸ್ಟಾ_ಹುಡುಗ:

ಅಯ್ಯೋ, ಇದೆ ಅಣ್ಣಾ! ಬಾಣೆ ಅಂಚಿನಲ್ಲಿ ಚಿಕ್ಕಪ್ಪನ ಮೂರು ಪೆಟ್ಟಿಗೆ ಇವೆ. ಇವತ್ತು ಹೋಗಿ ನೋಡಿದೆ. ಒಂದರ ಕಾಲು ಓರೆಯಾಗಿದೆ, ಪಕ್ಕದ ಹಾಲುವಾಣದ ಮರದ ಮೇಲೆ ಉಗುರು ಗೀರು, ಗೀರಿನಿಂದ ಇನ್ನೂ ರಸ ಸೋರುತ್ತಿದೆ. ಚಿಕ್ಕಪ್ಪ ದನ ತಾಗಿಸಿರಬೇಕು ಅಂದುಕೊಂಡು ಸುಮ್ಮನಿದ್ದರಂತೆ. ಹೆಜ್ಜೆ ಸಿಗಲಿಲ್ಲ, ನೆಲ ಗಟ್ಟಿ ಇದೆ.

ದೂರದೂರಿನವ:

ಒಪ್ಪಿಕೊಂಡೆ ಹಳೇಜೀಪು ಅವರೇ. ಇಲ್ಲೂ ಕಪ್ಪು ಕರಡಿಗೆ ಒಂದು ಬುದ್ಧಿ, ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿಗೆ ಒಂದು ಬುದ್ಧಿ ಹೇಳುತ್ತಾರೆ. ಯೆಲ್ಲೋಸ್ಟೋನಿನಲ್ಲಿ ಸ್ಪ್ರೇ ಇಟ್ಟುಕೊಳ್ಳಿ ಅನ್ನುತ್ತಾರೆ, ಯೊಸೆಮಿಟಿಯಲ್ಲಿ ಅದೇ ಸ್ಪ್ರೇ ತರುವ ಹಾಗಿಲ್ಲ. ತಮಾಷೆ ಅಂದರೆ ಕ್ಯಾಲಿಫೋರ್ನಿಯಾ ಬಾವುಟದ ಮೇಲೆ ಇರುವುದು ಗ್ರಿಜ್ಲಿ, ರಾಜ್ಯದಲ್ಲಿ ಒಂದೂ ಉಳಿದಿಲ್ಲ. ಆದರೂ ವಾಸನೆ ಬರುವುದನ್ನು ಮಲಗುವ ಜಾಗದಿಂದ ದೂರ ಇಡಿ ಅಂದಿದ್ದು ಆನೆಗಾದರೂ ಉಪಯೋಗಕ್ಕೆ ಬಂತಲ್ಲ.

ಬಿಳಿಕೋಟು:

ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು, ಕರಡಿ ಗಾಯ ನೋಡಿದ್ದೇನೆ. ಯಾರಿಗೂ ಆಗದಿರಲಿ. ಒಂದು ವೇಳೆ ಆದರೆ ಏನು ಮಾಡಬೇಕು ಅಂತ ಗೊತ್ತಿರಲಿ.

ಗಾಯ ಸಾಮಾನ್ಯವಾಗಿ ನೆತ್ತಿ, ಮುಖ, ಕಣ್ಣು. ರಕ್ತ ನೋಡಿ ಜನ ಅಲ್ಲೇ ಕೈಚೆಲ್ಲುತ್ತಾರೆ. ಶುದ್ಧವಾದ ಬಟ್ಟೆ, ಪಂಚೆ, ದುಪಟ್ಟಾ ಏನಾದರೂ ಸರಿ, ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ. ನೇತಾಡುವ ಚರ್ಮವನ್ನು ಕತ್ತರಿಸಬೇಡಿ, ಇದ್ದ ಜಾಗಕ್ಕೆ ಇಟ್ಟು ಒತ್ತಿ. ಕಾಫಿಪುಡಿ, ಅರಿಶಿನ, ಸುಣ್ಣ ಏನೂ ತುಂಬಬೇಡಿ. ನಮ್ಮ ಕಡೆ ಕಾಫಿಪುಡಿ ಹಾಕಿಕೊಂಡು ಬಂದವರ ಗಾಯ ತೊಳೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಜೀಪಿನಲ್ಲಿ ಹೊರಡಿ. ಗಾಯ ಸಣ್ಣದಾದರೂ ರೇಬೀಸ್ ಮತ್ತು ಟೆಟನಸ್ ಚುಚ್ಚುಮದ್ದು ಬೇಕೇ ಬೇಕು. ಗೀರಿದ್ದು ಅಷ್ಟೇ ಅಂತ ಬಿಡಬೇಡಿ.

ಇನ್ನೊಂದು. ಟೆಂಟ್ ಹಾಕುವ ದಿನ ಯಾವ ಜಾಗದಲ್ಲಿ ಫೋನ್ ಸಿಗ್ನಲ್ ಸಿಗುತ್ತದೆ ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಜೀಪ್ ಒಂದು ಕಣದ ಹತ್ತಿರವೇ, ಮುಖ ರಸ್ತೆ ಕಡೆಗೆ ತಿರುಗಿಸಿ ನಿಲ್ಲಿಸಿ, ಕೀ ಎಲ್ಲಿದೆ ಅಂತ ಇಬ್ಬರಿಗಾದರೂ ಗೊತ್ತಿರಲಿ.

ಸುಮ್ನೆ_ಓದುವವ:

ತಮಾಷೆಗೆ ಬರೆದೆ, ಬೇಜಾರಾಗಬೇಡಿ ಅಕ್ಕಾ. ಒಂದು ನಿಜವಾದ ಪ್ರಶ್ನೆ. ತೋಟ ಬಿಟ್ಟು ಕಾಡಿನೊಳಗೇ ಟೆಂಟ್ ಹಾಕುತ್ತೇವೆ ಅಂತ ಹೋಗುವವರು ಇದ್ದಾರಲ್ಲ, ಅದಕ್ಕೆ ಪರ್ಮಿಷನ್ ಸಿಗುತ್ತದಾ?

ಬಾಣೆಮನೆ_ಅಕ್ಕ:

ಬೇಜಾರೇನಿಲ್ಲ ಬಿಡು. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ಅಭಯಾರಣ್ಯ, ಈ ಕಡೆ ನಾಗರಹೊಳೆ. ಅನುಮತಿ ಇಲ್ಲದೆ ಒಳಗೆ ಕಾಲಿಡುವುದೇ ತಪ್ಪು, ರಾತ್ರಿ ಉಳಿಯುವ ಮಾತು ದೂರ ಇರಲಿ. ಬಾಣೆ ನಮ್ಮದು ಅಂತ ಬೇಲಿಯಿಂದ ಎರಡು ಹೆಜ್ಜೆ ಆಚೆ ಹಾಕಿದರೂ ಕೇಸು. ಕರಡಿ ಓಡಾಟ ಇದೆ ಅಂತ ಗೊತ್ತಾದ ಮೇಲೆ ಹತ್ತಿರದ ಅರಣ್ಯ ಕಚೇರಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು. ಆನೆ ಎಲ್ಲಿದೆ ಅಂತ ಅವರ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬರುತ್ತಿರುತ್ತದೆ, ಅದಕ್ಕೂ ಸೇರಿಕೊಳ್ಳಬಹುದು.

ರೋಬಸ್ಟಾ_ಹುಡುಗ:

ಹುಡುಗರು ಬಂದು ಹೋದರು. ಕೇಳಿದ್ದಕ್ಕೆ ಹೇಳಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕಣದಲ್ಲೇ ನಾಲ್ಕು ಟೆಂಟ್ ಹಾಕಿದೆವು. ಮರಳು ಚೀಲದ ಉಪಾಯ ಚೆನ್ನಾಗಿ ನಡೆಯಿತು, ಆದರೆ ಸಿಮೆಂಟು ಹಗಲಿನ ಬಿಸಿಲು ಕುಡಿದು ರಾತ್ರಿ ಹತ್ತರವರೆಗೆ ದೋಸೆ ಕಾವಲಿ ಹಾಗಿತ್ತು. ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಚಾಪೆ ಹಾಕಿದ ಮೇಲೆ ಸರಿಹೋಯಿತು. ಊಟ ಮನೆಯಲ್ಲೇ. ಅಮ್ಮ ಎಲ್ಲರ ಜೇಬು ತಡಕಿ ಚಾಕ್ಲೇಟ್, ಚೂಯಿಂಗ್ ಗಮ್ ತೆಗೆದು ಡಬ್ಬಿಗೆ ಹಾಕಿ ಬೀಗ ಹಾಕಿದರು. ದೂರದೂರಿನವರು ಹೇಳಿದ ಟೂತ್‌ಪೇಸ್ಟ್ ಕೂಡ ಬಿಡಲಿಲ್ಲ. ಕಕ್ಕಸಿಗೆ ಹೋಗುವ ದಾರಿಗೆ ಒಂದು ಬಲ್ಬ್ ಎಳೆದು, ಹೋಗುವವರು ಇಬ್ಬಿಬ್ಬರೇ ಹೋಗಬೇಕು, ಮಾತಾಡಿಕೊಂಡು ಹೋಗಬೇಕು ಅಂತ ರೂಲ್ಸ್ ಮಾಡಿದೆ. ರಾತ್ರಿ ಎರಡು ಗಂಟೆಗೆ ಇಬ್ಬರು ಕ್ರಿಕೆಟ್ ಸ್ಕೋರ್ ಕಿರುಚಿಕೊಂಡು ಹೋಗಿ ಲೈನ್ ಮನೆಯವರನ್ನೆಲ್ಲ ಎಬ್ಬಿಸಿದರು.

ಕರಡಿ ಬರಲಿಲ್ಲ. ಮೂರು ಗಂಟೆ ಹೊತ್ತಿಗೆ ನಾಯಿಗಳು ಬಾಣೆ ಕಡೆ ಮುಖ ಮಾಡಿ ಬೊಗಳಿದವು, ಆಮೇಲೆ ಸುಮ್ಮನಾದವು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಗಲಾಟೆ ಮಾಡಿಕೊಂಡು ತೊರೆಗೆ ಹೋದಾಗ ಹಲಸಿನ ಮರದ ಕೆಳಗೆ ಹಸಿ ಆನೆ ಲದ್ದಿ. ಟೆಂಟ್ ಹಾಕಬೇಕು ಅಂದುಕೊಂಡ ಜಾಗದ ನಟ್ಟನಡುವೆ. ಕಾಯಿ ಎಲ್ಲ ಇಳಿಸಿದ್ದೆ, ಮೇಲೆ ಕೈಗೆ ಸಿಗದ ಎರಡು ಬಿಟ್ಟಿದ್ದೆ. ಎರಡೂ ಇರಲಿಲ್ಲ. ದರೋಜಿ ಗೆಳೆಯ ಆ ಲದ್ದಿಯ ಫೋಟೋ ತೆಗೆದ, ಏನೂ ಮಾತಾಡಲಿಲ್ಲ.

ತುಡುವೆ ಅಣ್ಣಾ, ಜೇನುಪೆಟ್ಟಿಗೆ ಮೂರನ್ನೂ ಸಂಜೆ ಹುಳು ಒಳಗೆ ಸೇರಿದ ಮೇಲೆ ಬಾಗಿಲು ಮುಚ್ಚಿ ಮನೆ ಹಿಂದಕ್ಕೆ ತಂದೆವು. ಆದರೆ ಒಂದು ಪೆಟ್ಟಿಗೆಯ ಹುಳುಗಳು ಬೆಳಿಗ್ಗೆ ಹಳೇ ಜಾಗಕ್ಕೇ ಹಾರಿ ಹೋಗಿ ಅಲ್ಲೇ ಸುತ್ತುತ್ತಿವೆ. ಏನು ಮಾಡಲಿ?

ತುಡುವೆ:

ದೂರ ಸಾಲಲಿಲ್ಲ, ಅದಕ್ಕೆ. ಅವಕ್ಕೆ ಹಳೇ ದಾರಿ ನೆನಪಿರುತ್ತದೆ. ಹಳೇ ಜಾಗದಲ್ಲಿ ಒಂದು ಖಾಲಿ ಪೆಟ್ಟಿಗೆ ಇಡು, ಒಳಗೆ ಹಳೇ ಎರಿಯ ಒಂದು ಚೌಕಟ್ಟು ಇರಲಿ. ಸಂಜೆ ಅದರಲ್ಲಿ ಬಂದು ಕೂರುತ್ತವೆ, ಕತ್ತಲಾಗುವ ಮುಂಚೆ ಮನೆ ಹಿಂದಿನ ಪೆಟ್ಟಿಗೆಗೆ ತಂದು ಸುರಿ. ಹೊಸ ಜಾಗದಲ್ಲಿ ಬಾಗಿಲ ಮುಂದೆ ಒಂದು ಸೊಪ್ಪಿನ ರೆಂಬೆ ಒರಗಿಸಿಡು, ಹೊರಗೆ ಬರುವಾಗ ಗಲಿಬಿಲಿಯಾಗಿ ಜಾಗ ಮತ್ತೆ ಗುರುತು ಮಾಡಿಕೊಳ್ಳುತ್ತವೆ. ಮೂರ್ನಾಲ್ಕು ದಿನ ಮಾಡಬೇಕಾಗಬಹುದು. ಬಾಣೆಗೆ ಹೋಗುವಾಗ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗು, ಐದು ಗಂಟೆಯೊಳಗೆ ಮುಗಿಸಿ ಬಾ.